ಶ್ರುತಿಗೂಡಿಸುವಿಕೆ

ನಮ್ಮ ಪಾಠಶಾಲೆಯ ಹಾಡುಗಾರಿಕೆಯ ತರಗತಿಯನ್ನು ಮರೆತ ಹಳೆಯ ವಿದ್ಯಾರ್ಥಿನಿಯು ಯಾರೂ ಇರಲಾರಳು. ಊರೂರುಗಳಿಂದ ಬಂದ ನಾವು ನಾನಾ ಕಂಠದವರಾಗಿದ್ದರೂ ಹಾರ್ಮೋನಿಯಮ್ಮಿನ ಒಂದೇ ಶ್ರುತಿಗೆ ಕೂಡಿಕೊಳ್ಳುತ್ತಿದ್ದೆವು. ಕೆಲವು ವರುಷಗಳ ಹಿಂದೆ ಬೇರೊಂದು ಸಂದರ್ಭದಲ್ಲಿ ಆ ತರಗತಿಯು ನಮ್ಮ ನೆನಪಿಗೆ ಬಂದಿತು.

ನಮ್ಮ ತಾಯಿಯವರಿಗೆ ಮರೆವು ಹೆಚ್ಚಿದಾಗ ಅವರ ಮಿದುಳಿನ ಎಂ.ಆರ್.ಐ. ಚಿತ್ರವನ್ನು ತೆಗೆಯಿಸಿದೆವು, ವರುಷ ಕಳೆದ ಮೇಲೆ ಬೇರೊಂದು ಪಟ್ಟಣದಲ್ಲಿ ಇನ್ನೊಂದನ್ನು ತೆಗೆಯಿಸಿದೆವು. ಎರಡನೆಯದರ ಅಳತೆಯಲ್ಲಿ ಮಿದುಳು ಬಹಳ ಕುಗ್ಗಿದಂತೆ ಕಂಡು ಮನೆಯವರೆಲ್ಲರೂ ಕಣ್ಣೀರಿಟ್ಟೆವು. ಆದರೆ ವೈದ್ಯರು, "ಅಮ್ಮಾ, ಯಂತ್ರಗಳೇ ಬೇರೆ. ಮೊದಲನೆಯದರ ಅಯಸ್ಕಾಂತ 1.5 ಟೆಸ್ಲಾ, ಇದರದು 3. ಇವೆರಡನ್ನು ಹಾಗೆಯೇ ಹೋಲಿಸಲಾಗದು" ಎಂದರು. ಕುಗ್ಗಿದ್ದು ಮಿದುಳೋ, ಬದಲಾದದ್ದು ಯಂತ್ರವೋ ತಿಳಿಯದಾಯಿತು.

ಇದೇ ಪ್ರಶ್ನೆಯು ವಿದ್ವಾಂಸರನ್ನೂ ಕಾಡುತ್ತಿರುವುದೆಂದು ಓದಿ ತಿಳಿದೆವು. ಒಂದೊಂದು ಅಧ್ಯಯನದಲ್ಲಿ ರೋಗಿಗಳು ಕೆಲವರೇ ಆದ ಕಾರಣ, 2009ರಲ್ಲಿ ಆರಂಭವಾದ ಎನಿಗ್ಮಾ ಮೊದಲಾದ ಕೂಟಗಳು ಅನೇಕ ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸುತ್ತವೆ. ಆಗ ಯಂತ್ರಗಳ ಭೇದವು ರೋಗದ ಭೇದದಂತೆ ತೋರಬಹುದು. ಜೀನುಗಳ ಅಳತೆಗಾಗಿ 2007ರಲ್ಲಿ ಹುಟ್ಟಿದ ಕಾಂಬ್ಯಾಟ್ ಎಂಬ ಗಣಿತವಿಧಾನವು 2017ರಲ್ಲಿ ಮಿದುಳಿನ ಚಿತ್ರಗಳಿಗೂ ಬಂದಿತು. ಅದು ಅಳತೆಗಳ ಸರಾಸರಿಯನ್ನೂ ಹರಡಿಕೆಯನ್ನೂ ಸರಿಪಡಿಸುತ್ತದೆ. ಜನರೇಟಿವ್ ಮಾದರಿಗಳಾದರೋ ಇನ್ನೂ ಮುಂದೆ ಹೋಗುತ್ತವೆ. ಅನೇಕ ಚಿತ್ರಗಳಿಂದ ಕಲಿತು, ಮಿದುಳಿನ ಆಕಾರವನ್ನು ಯಂತ್ರದ ಛಾಯೆಯಿಂದ ಬೇರ್ಪಡಿಸಿ, ಈ ಮಿದುಳನ್ನು ಆ ಯಂತ್ರದಲ್ಲಿ ತೆಗೆದಿದ್ದರೆ ಹೇಗೆ ಕಾಣುತ್ತಿತ್ತೋ ಅಂಥ ಚಿತ್ರವನ್ನೇ ಹೊಸದಾಗಿ ರಚಿಸುತ್ತವೆ.

ಇಲ್ಲಿಯೇ ಅಪಾಯವೂ ಉಂಟು. ಒಂದು ಯಂತ್ರದಲ್ಲಿ ರೋಗಿಗಳೂ ಮತ್ತೊಂದರಲ್ಲಿ ಆರೋಗ್ಯವಂತರೂ ಹೆಚ್ಚಾಗಿದ್ದರೆ, ಮಾದರಿಯು ರೋಗವನ್ನೇ ಯಂತ್ರದ ಗುಣವೆಂದು ಬಗೆಯಬಹುದು. ಚಿತ್ರವನ್ನು ಪರಿವರ್ತಿಸುವ ಇಂಥ ಮಾದರಿಗಳು ಇಲ್ಲದ ಗಡ್ಡೆಯನ್ನು ಬರೆಯಲೂ ಇದ್ದುದನ್ನು ಅಳಿಸಲೂ ಬಲ್ಲವೆಂದು 2018ರಲ್ಲಿ ಸಂಶೋಧಕರು ತೋರಿಸಿದರು. ಆದುದರಿಂದಲೇ ಕೆಲವರನ್ನು ಹಲವು ಯಂತ್ರಗಳಿಗೆ ಕರೆದೊಯ್ದು ನಿಜಚಿತ್ರಗಳನ್ನು ತೆಗೆದು, ರಚಿತ ಚಿತ್ರಗಳನ್ನು ಅವುಗಳೊಡನೆ ಹೋಲಿಸಿ ಪರೀಕ್ಷಿಸುವುದುಂಟು.

ನಮ್ಮ ತರಗತಿಯಲ್ಲಿ ಸ್ವರ ಕೂಡದ ಗೆಳತಿಯೊಬ್ಬಳಿದ್ದಳು. ಸಮಾರಂಭದ ದಿನ ಆಕೆಯು ತುಟಿಗಳನ್ನು ಮಾತ್ರ ಆಡಿಸಿದಳು. ಹಾಡು ಇಂಪಾಯಿತೆಂದು ಸಭೆಯು ಮೆಚ್ಚಿತು. ಒಂದು ದನಿ ಅಡಗಿದುದನ್ನು ಯಾರೂ ಅರಿಯಲಿಲ್ಲ. ಚಿತ್ರಗಳನ್ನು ಶ್ರುತಿಗೂಡಿಸುವವರು ಯಂತ್ರದ ದನಿಯನ್ನು ಕಳೆಯಲಿ, ರೋಗಿಯ ದನಿಯನ್ನು ಕಳೆಯದಿರಲಿ ಎಂಬುದೇ ನಮ್ಮ ಆಶೆ.

ತಾಯಿಯವರ ಮೂರನೆಯ ಚಿತ್ರವನ್ನು ಮೊದಲಿನ ಯಂತ್ರದಲ್ಲಿಯೇ ತೆಗೆಯಿಸಿದೆವು. ಮಿದುಳು ಕುಗ್ಗಿದ್ದುದು ನಿಜ. ಆದರೆ ನಾವು ಅತ್ತಷ್ಟಲ್ಲ.