ಯಾವ ಕಡೆಯವರು?

ನಮ್ಮ ಮನೆಯ ಪಡಸಾಲೆಯ ಗೂಟದಲ್ಲಿ ಕೆಂಪು ಹಳದಿ ಪಟ್ಟೆಗಳ ಉಣ್ಣೆಯ ಮಫ್ಲರೊಂದು ನೇತಾಡುತ್ತದೆ. ಬಂದವರ ಕಣ್ಣು ಮೊದಲು ಬೀಳುವುದು ಅದರ ಮೇಲೆ. “ಎಷ್ಟಾದರೂ ಕನ್ನಡ ಮೇಷ್ಟರ ಮನೆಯಲ್ಲವೆ!” ಎಂದು ಅವರು ಮೆಚ್ಚಿಗೆಯಿಂದ ತಲೆದೂಗುತ್ತಾರೆ. ಒಂದು ವರ್ಷ ರಾಜ್ಯೋತ್ಸವದ ದಿನ ನಮ್ಮ ಕಾಲೇಜಿನ ಹುಡುಗರು ಅದನ್ನು ಎರವಲು ಒಯ್ದು, ಭುವನೇಶ್ವರಿಯ ಪಟಕ್ಕೆ ಇಳಿಬಿಟ್ಟು, ಸಂಜೆ ಕುಂಕುಮದ ಕಲೆಯೊಡನೆ ಹಿಂದಿರುಗಿಸಿದರು. ನಾನು ಬಾಯಿ ಬಿಡಲಿಲ್ಲ. ಅದರ ಅಂಚಿನಲ್ಲಿ ನೇಯ್ದಿರುವ ಇಂಗ್ಲಿಷ್ ಅಕ್ಷರಗಳನ್ನು ಯಾರೂ ಓದುವುದಿಲ್ಲ. ಓದಿದ್ದರೆ ‘ಪಾರ್ಟಿಕ್ ಥಿಸಲ್’ ಎಂದು ಕಾಣುತ್ತಿತ್ತು. ಅದು ಸ್ಕಾಟ್ಲೆಂಡಿನ ಗ್ಲಾಸ್ಗೊ ನಗರದ ಒಂದು ಫುಟ್‌ಬಾಲ್ ಕ್ಲಬ್ಬಿನ ಹೆಸರು. ನಾನು ಅದರ ಭಕ್ತ. ಇಷ್ಟು ದಿನ ಮುಚ್ಚಿಟ್ಟಿದ್ದ ಈ ಮಾತನ್ನು ಇಂದು ವಾಚಕರ ಮುಂದೆ ಒಪ್ಪಿಕೊಳ್ಳುತ್ತಿದ್ದೇನೆ.

ಹಳಗನ್ನಡದ ಸಂಧಿ ಸಮಾಸಗಳನ್ನು ಬಿಡಿಸಿಕೊಂಡಿರುವವನಿಗೂ ಕಾಲ್ಚೆಂಡಿಗೂ ಏನು ನಂಟು ಎಂದು ನೀವು ಕೇಳಬಹುದು. ನಂಟು ಬಂದದ್ದು ಮಡದಿಯ ಕಡೆಯಿಂದ. 2022ರಲ್ಲಿ ಅವಳಿಗೆ ಗ್ಲಾಸ್ಗೊದಲ್ಲಿ ಒಂದು ವರ್ಷದ ತರಬೇತಿ ದೊರೆಯಿತು. ನಾನು ಸಂಬಳವಿಲ್ಲದ ರಜೆ ಬರೆದುಕೊಟ್ಟು ಅವಳ ಬೆನ್ನಿಗೆ ಹೊರಟೆ. ಅವಳು ಬೆಳಗ್ಗೆ ಕೆಲಸಕ್ಕೆ ಹೋದರೆ ನಾನು ಹುಳಿಗೆ ಬೇಳೆ ಬೇಯಲಿಟ್ಟು, ಕಿಟಕಿಯಲ್ಲಿ ಕುಳಿತು ಮಳೆ ನೋಡುವೆ. ಆ ಊರಿನ ಮಳೆಗೆ ನಮ್ಮ ಮಲೆನಾಡಿನ ಮಳೆಯ ಗಾಂಭೀರ್ಯವಿಲ್ಲ. ಸಾಲ ಕೇಳಲು ಬಂದವನ ಹಾಗೆ ಬಾಗಿಲಲ್ಲೇ ನಿಂತು ಗೊಣಗುತ್ತಿರುತ್ತದೆ.

ಹೋದ ಎರಡನೆಯ ವಾರ ಕ್ಷೌರಕ್ಕೆ ಕುಳಿತಾಗ, ಕತ್ತರಿ ಹಿಡಿದವನು ಕೇಳಿದ: “ನಿಮ್ಮದು ಯಾವ ಟೀಮು?” ನಾನು ಇಲ್ಲವೆಂದೆ. ಅವನಿಗೆ ನಂಬಿಕೆ ಬರಲಿಲ್ಲ. ತರಕಾರಿಯ ಅಂಗಡಿಯವನೂ ಕೇಳಿದ, ಬಸ್ಸಿನಲ್ಲಿ ಪಕ್ಕ ಕುಳಿತವನೂ ಕೇಳಿದ. ಆ ಪ್ರಶ್ನೆಯಲ್ಲಿ ಆಟಕ್ಕಿಂತ ಹೆಚ್ಚಿನದೇನೋ ಇದೆ ಎಂಬುದು ನನಗೆ ಆಮೇಲೆ ತಿಳಿಯಿತು. ಗ್ಲಾಸ್ಗೊದಲ್ಲಿ ಎರಡು ದೊಡ್ಡ ಕ್ಲಬ್ಬುಗಳು. ಹಸಿರು ಬಿಳಿಯ ಸೆಲ್ಟಿಕ್, ಐರ್ಲೆಂಡಿನಿಂದ ವಲಸೆ ಬಂದ ಕ್ಯಾಥೊಲಿಕ್ ಬಡವರ ನಡುವೆ ಹುಟ್ಟಿದ್ದು. ನೀಲಿಯ ರೇಂಜರ್ಸ್, ಪ್ರಾಟೆಸ್ಟೆಂಟರಿಗೆ ಒಲಿದದ್ದು. ಇಂದು ಚರ್ಚಿಗೆ ಹೋಗದವರೂ ಈ ಗಡಿಯನ್ನು ಮರೆತಿಲ್ಲ. ನಮ್ಮಲ್ಲಿ ರೈಲಿನಲ್ಲಿ ಎದುರಿಗೆ ಕುಳಿತವರು, “ತಮ್ಮದು ಯಾವ ಕಡೆ? ಮನೆದೇವರು ಯಾವುದು?” ಎಂದು ನಯವಾಗಿ ಆರಂಭಿಸಿ ಜಾತಿಯ ತನಕ ಬರುವುದಿಲ್ಲವೆ? ಅದೇ ದಾರಿ, ಅದೇ ನಯ. ಊರು ಮಾತ್ರ ಬೇರೆ.

ಈ ಪೇಚಿನಿಂದ ನನ್ನನ್ನು ಪಾರುಮಾಡಿದವನು ನಮ್ಮ ಕೆಳಮನೆಯ ಮುದುಕ. ಅರವತ್ತೈದು ದಾಟಿದವನು, ಬಸ್ ಚಾಲಕನಾಗಿದ್ದು ನಿವೃತ್ತನಾದವನು. ಆ ಊರಿನಲ್ಲಿ ಹಿರಿಯರು ಯಾರನ್ನು ಮಾತನಾಡಿಸಿದರೂ ‘ಮಗಾ’ ಎನ್ನುತ್ತಾರೆ. ತಲೆ ನರೆತ ನನ್ನನ್ನೂ ಹಾಗೆಯೇ ಕರೆದ. “ನೋಡು ಮಗಾ, ಅದಕ್ಕೆ ಮೂರನೆಯ ಉತ್ತರವೂ ಒಂದಿದೆ. ಥಿಸಲ್ ಎಂದು ಹೇಳು. ಅವರು ನಕ್ಕು ಸುಮ್ಮನಾಗುತ್ತಾರೆ.” ನಾನು ಮರುದಿನವೇ ಪರೀಕ್ಷಿಸಿದೆ. ನಿಜವಾಗಿಯೂ ನಕ್ಕರು. ಆ ನಗೆಯಲ್ಲಿ ಕನಿಕರವಿತ್ತು, ಪ್ರೀತಿಯೂ ಇತ್ತು. ನಮ್ಮಲ್ಲಿ ಒಬ್ಬಾತ ತಾನು ಕನ್ನಡ ಎಂ.ಎ. ಎಂದು ಹೇಳಿಕೊಂಡಾಗ ಬರುವ ನಗೆಯಂಥದೇ ಅದು.

ಮುಂದಿನ ಶನಿವಾರ ಮಧ್ಯಾಹ್ನ ಮೂರಕ್ಕೆ ಅವನು ನನ್ನನ್ನು ಫರ್‌ಹಿಲ್ ಮೈದಾನಕ್ಕೆ ಕರೆದೊಯ್ದ. ಬೆನ್ನಿಗೆ ಹಳೆಯ ಕಾಲುವೆ, ಸುತ್ತ ಮೇರಿಹಿಲ್‌ನ ಕಲ್ಲಿನ ವಠಾರಗಳು. ಹೆಸರು ಪಾರ್ಟಿಕ್ ಆದರೂ ಕ್ಲಬ್ಬು ಪಾರ್ಟಿಕ್‌ನಲ್ಲಿಲ್ಲ. 1876ರಲ್ಲಿ ಅಲ್ಲಿ ಹುಟ್ಟಿ, ಜಾಗ ಕಳೆದುಕೊಂಡು, 1909ರಲ್ಲಿ ಈ ಬಡಾವಣೆಗೆ ಗುಳೆ ಬಂತು. ಬಂದ ಮೇಲೂ ಹಳೆಯ ಊರಿನ ಹೆಸರನ್ನು ಬಿಡಲಿಲ್ಲ. ನಮ್ಮವರು ಬೆಂಗಳೂರಿನಲ್ಲಿ ಮೂರು ತಲೆಮಾರು ಕಳೆದರೂ ಹೆಸರಿನ ಮುಂದೆ ತಾತನ ಊರನ್ನು ಉಳಿಸಿಕೊಳ್ಳುವುದಿಲ್ಲವೆ, ಹಾಗೆ. ಥಿಸಲ್ ಎಂದರೆ ಆ ನಾಡಿನ ಲಾಂಛನವಾದ ಮುಳ್ಳುಗಿಡ. ನಮ್ಮ ಹೊಲದ ಬದುವಿನ ಬ್ರಹ್ಮದಂಡೆಯ ದಾಯಾದಿ.

ತಂಡ ಮೈದಾನಕ್ಕಿಳಿದಾಗ ನನ್ನ ಎದೆ ಝಲ್ಲೆಂದಿತು. ಕೆಂಪು, ಹಳದಿ! ಕಡಲಾಚೆಯ ಆ ಬೂದು ಮಧ್ಯಾಹ್ನದಲ್ಲಿ ನಮ್ಮ ಅರಿಶಿನ ಕುಂಕುಮದ ಬಾವುಟ ಹನ್ನೊಂದು ಜನರ ಮೈಮೇಲೆ ಓಡಾಡುತ್ತಿತ್ತು. ನಮ್ಮಲ್ಲಿ ಮ. ರಾಮಮೂರ್ತಿಯವರು ಆ ಬಾವುಟವನ್ನು ರೂಪಿಸಿದ್ದು 1960ರ ದಶಕದಲ್ಲಿ. ಇವರು ಅದಕ್ಕೂ ಮೊದಲೇ ಈ ಬಣ್ಣ ತೊಟ್ಟವರು. ಮೈದಾನದ ಅಂಚಿನಲ್ಲಿ ಕಿರಣಗಳ ಬದಲು ಮುಳ್ಳುಗಳಿದ್ದ ಒಬ್ಬ ಹಳದಿ ಸೂರ್ಯ ಹುಬ್ಬುಗಂಟಿಕ್ಕಿಕೊಂಡು ತಿರುಗುತ್ತಿದ್ದ. ಡೇವಿಡ್ ಶ್ರಿಗ್ಲಿ ಎಂಬ ಕಲಾವಿದ 2015ರಲ್ಲಿ ಕ್ಲಬ್ಬಿಗೆ ರೂಪಿಸಿಕೊಟ್ಟ ಗೊಂಬೆ ಅದು. ಮಕ್ಕಳು ಹೆದರುತ್ತವೆ ಎಂದು ಪತ್ರಿಕೆಗಳೆಲ್ಲ ಬರೆದವಂತೆ. ಕಟ್ಟುವ ಮನೆಗೆ ದೃಷ್ಟಿಬೊಂಬೆ ತೂಗುಹಾಕುವ ನಾಡಿನಿಂದ ಹೋದ ನನಗೆ ಅದರಲ್ಲಿ ಅಚ್ಚರಿಯೇನೂ ಕಾಣಲಿಲ್ಲ. ಈ ತಂಡಕ್ಕೆ ದೃಷ್ಟಿ ತಾಗುವಷ್ಟು ಐಶ್ವರ್ಯ ಎಲ್ಲಿದೆ ಎಂಬುದಷ್ಟೇ ನನ್ನ ಸಂಶಯ.

ಆ ದಿನ ಗೆದ್ದರೋ ಸೋತರೋ ಈಗ ನೆನಪಿಲ್ಲ. ನೆನಪಿರುವುದು ಮುದುಕ ಮಾಂಸದ ಪೈ ತಿಂದದ್ದು, ನಾನು ಕಾಗದದ ಪೊಟ್ಟಣ ಬಿಚ್ಚಿ ಚಕ್ಕುಲಿ ತಿಂದದ್ದು, ಎರಡನೆಯ ಅರ್ಧದ ಹೊತ್ತಿಗೆ ಪೊಟ್ಟಣ ಅವನ ಕೈಯಲ್ಲಿದ್ದದ್ದು.

ಅಲ್ಲಿಂದ ಮುಂದೆ ನಾನು ಸ್ಕಾಟ್ಲೆಂಡಿನ ಆಟದ ಚರಿತ್ರೆಯಲ್ಲಿ ಮುಳುಗಿದೆ. ಎರಡು ದೇಶಗಳ ನಡುವಿನ ಮೊದಲ ಅಧಿಕೃತ ಕಾಲ್ಚೆಂಡಾಟ ನಡೆದದ್ದು ಇದೇ ಪಾರ್ಟಿಕ್‌ನಲ್ಲಿ, 1872ರ ನವೆಂಬರ್ 30ರಂದು. ಅದೂ ಒಂದು ಕ್ರಿಕೆಟ್ ಮೈದಾನದಲ್ಲಿ. ಸ್ಕಾಟ್ಲೆಂಡಿಗೂ ಇಂಗ್ಲೆಂಡಿಗೂ ಸೊನ್ನೆ-ಸೊನ್ನೆ. 1888ರಲ್ಲಿ ಸಿಮ್ಲಾದಲ್ಲಿ ನಮ್ಮ ಡ್ಯುರಾಂಡ್ ಕಪ್ ಆರಂಭವಾದಾಗ ಅದನ್ನು ಮೊದಲು ಎತ್ತಿದ್ದೂ ಸ್ಕಾಟ್ ಸಿಪಾಯಿಗಳ ಪಡೆಯೇ. 1936ರಲ್ಲಿ ಕಲ್ಕತ್ತದ ಮೊಹಮ್ಮದ್ ಸಲೀಂ ಕಾಲಿಗೆ ಬಟ್ಟೆ ಸುತ್ತಿಕೊಂಡು, ಬೂಟಿಲ್ಲದೆ ಸೆಲ್ಟಿಕ್ ಪರವಾಗಿ ಆಡಿ ಗ್ಲಾಸ್ಗೊ ಜನರನ್ನು ಬೆರಗುಗೊಳಿಸಿದ. ಅದೇ ಸೆಲ್ಟಿಕ್ 1967ರಲ್ಲಿ, ತನ್ನ ಮೈದಾನದ ಮೂವತ್ತು ಮೈಲಿಯ ಒಳಗೆ ಹುಟ್ಟಿದ ಹುಡುಗರನ್ನೇ ಕಟ್ಟಿಕೊಂಡು ಯೂರೋಪಿನ ಕಪ್ಪನ್ನು ಗೆದ್ದಿತು. ದೊಡ್ಡವರ ದೊಡ್ಡತನವನ್ನು ನಾನು ಅಲ್ಲಗಳೆಯುವವನಲ್ಲ.

ಆದರೂ ಬಡ ಕ್ಲಬ್ಬಿನ ಭಕ್ತನಾಗಿ ನನಗೆ ಕೆಲವು ದೂರುಗಳಿವೆ. 1985ರಲ್ಲಿ ಅಲೆಕ್ಸ್ ಫರ್ಗುಸನ್ನರ ಅಬರ್ಡೀನ್ ಲೀಗ್ ಗೆದ್ದಿತು. ಅಲ್ಲಿಂದ 2025ರವರೆಗಿನ ನಲವತ್ತು ವರ್ಷಗಳಲ್ಲಿ ನಲವತ್ತು ಸಲವೂ ಆ ಪಟ್ಟ ಸೆಲ್ಟಿಕ್‌ಗೆ ಇಲ್ಲವೆ ರೇಂಜರ್ಸ್‌ಗೆ. ನಲವತ್ತು ವರ್ಷ ಇಬ್ಬರೇ ಬಹುಮಾನ ಹಂಚಿಕೊಳ್ಳುವ ಶಾಲೆಯಲ್ಲಿ ಉಳಿದ ಮಕ್ಕಳು ಏತಕ್ಕೆ ಓದಬೇಕು? ಇಬ್ಬರಲ್ಲಿ ಒಬ್ಬರಿಲ್ಲದಿದ್ದರೆ ಆಟವೇ ಮುಳುಗುತ್ತದೆ ಎಂದು ಪಂಡಿತರು ಹೇಳುತ್ತಿದ್ದರು. 2012ರಲ್ಲಿ ರೇಂಜರ್ಸ್ ಸಾಲದಲ್ಲಿ ಕುಸಿದು, ತಳದ ವಿಭಾಗದಿಂದ ಮತ್ತೆ ಏರಿ ಬರಲು ನಾಲ್ಕು ವರ್ಷ ಹಿಡಿಯಿತು. ಆಟ ಮುಳುಗಲಿಲ್ಲ. 2014ರಲ್ಲಿ ಪರ್ತ್ ಊರಿನ ಸೇಂಟ್ ಜಾನ್‌ಸ್ಟನ್ ತನ್ನ 130 ವರ್ಷಗಳಲ್ಲಿ ಮೊದಲ ಬಾರಿಗೆ ಸ್ಕಾಟಿಷ್ ಕಪ್ ಎತ್ತಿತು, 2015ರಲ್ಲಿ ಇನ್ವರ್ನೆಸ್, 2016ರಲ್ಲಿ 114 ವರ್ಷ ಕಾದಿದ್ದ ಹಿಬರ್ನಿಯನ್. ದೊಡ್ಡ ಮರ ಬಾಗಿದಾಗ ಕೆಳಗಿನ ಗಿಡಗಳಿಗೂ ಒಂದಿಷ್ಟು ಬಿಸಿಲು ಬಿತ್ತು.

ಎರಡನೆಯ ದೂರು ನಮ್ಮ ಮನೆಯದೇ. 2020ರಲ್ಲಿ ಕೊರೋನಾ ಬಂದಾಗ, ಆಟಗಳು ಉಳಿದಿದ್ದಂತೆಯೇ ಲೀಗನ್ನು ಮುಗಿಸಲು ಮತ ಹಾಕಲಾಯಿತು. ಥಿಸಲ್ ಮೇಲಿನವರಿಗಿಂತ ಎರಡೇ ಅಂಕ ಹಿಂದಿತ್ತು. ಅವರಿಗಿಂತ ಒಂದು ಆಟ ಕಡಿಮೆ ಆಡಿತ್ತು. ಆದರೂ ಕೆಳಗಿನ ವಿಭಾಗಕ್ಕೆ ನೂಕಿದರು. ಪರೀಕ್ಷೆ ಅರ್ಧಕ್ಕೆ ನಿಂತರೆ ಹುಡುಗನನ್ನು ನಪಾಸು ಮಾಡುವ ಮೇಷ್ಟರನ್ನು ನಾನು ಕಂಡಿಲ್ಲ. ಒಂದು ವರ್ಷದಲ್ಲಿ ಗೆದ್ದು ಹಿಂದಿರುಗಿದರು ಎನ್ನುವುದು ಬೇರೆ ಮಾತು.

ಮೂರನೆಯದು ಮೇಲೇರುವ ದಾರಿ. ಮೇಲಿನ ವಿಭಾಗದ ಹನ್ನೊಂದನೆಯವನು ಸ್ಥಾನ ಉಳಿಸಿಕೊಳ್ಳಲು ಎರಡು ಪಂದ್ಯ ಆಡಿದರೆ ಸಾಕು. ಕೆಳಗಿನ ಮೂರನೆಯವನೂ ನಾಲ್ಕನೆಯವನೂ ಅಲ್ಲಿಗೇರಲು ಆರು ಪಂದ್ಯ ಆಡಬೇಕು. ಕೂತವನಿಗೆ ಕುರ್ಚಿಯನ್ನು ಗಟ್ಟಿಮಾಡಿ, ನಿಂತವನಿಗೆ ಮೆಟ್ಟಿಲನ್ನು ಹೆಚ್ಚು ಮಾಡಿದ ಹಾಗೆ.

ಈ ದೂರುಗಳನ್ನೆಲ್ಲ ನಾನು ಮುದುಕನ ಮುಂದೆ ಹೇಳಿಕೊಂಡಾಗ ಅವನು ಪೈಪು ಕೆದಕುತ್ತ ಕೇಳುತ್ತಿದ್ದ. ಅವನು ಮಾತು ತಪ್ಪಿಸುತ್ತಿದ್ದದ್ದು ಒಂದೇ ವಿಷಯಕ್ಕೆ. ಅದು 1971.

1971ರ ಅಕ್ಟೋಬರ್ 23 ಎಂದರೆ ಥಿಸಲ್ ಭಕ್ತರಿಗೆ ಹಬ್ಬ. ಅಂದು ಹ್ಯಾಂಪ್ಡನ್ ಮೈದಾನದಲ್ಲಿ ಲೀಗ್ ಕಪ್ಪಿನ ಅಂತಿಮ ಪಂದ್ಯ. ಎದುರಿಗೆ ಯೂರೋಪನ್ನೇ ಗೆದ್ದಿದ್ದ ಸೆಲ್ಟಿಕ್; ಇವರೋ ಅದೇ ವರ್ಷ ಎರಡನೆಯ ವಿಭಾಗದಿಂದ ಮೇಲೆ ಬಂದವರು. ಇವರಿಗೆ ಗೆಲುವಿನ ಆಸೆಯೇ ಇಲ್ಲವೆಂದು ಟೆಲಿವಿಷನ್ನಿನಲ್ಲೇ ಸಾರಿದ್ದರು. ಮೂವತ್ತೇಳು ನಿಮಿಷ ಕಳೆಯುವಷ್ಟರಲ್ಲಿ ಥಿಸಲ್ ನಾಲ್ಕು ಗೋಲು ಹೊಡೆದಿತ್ತು! ಕೊನೆಗೆ 4–1. ಅಂದು ನೆರೆದಿದ್ದವರು 62,740 ಮಂದಿ. ಬಹುಪಾಲು ಸೆಲ್ಟಿಕ್ ಕಡೆಯವರೇ ಇದ್ದಿರಬೇಕು. ಆದರೆ ಮೇರಿಹಿಲ್‌ನಲ್ಲಿ ನಾನು ಕಂಡ ಅರವತ್ತು ದಾಟಿದ ಪ್ರತಿಯೊಬ್ಬನೂ ತಾನು ಅಂದು ಅಲ್ಲಿದ್ದೆನೆಂದು ಆಣೆ ಮಾಡುತ್ತಿದ್ದ. ನಮ್ಮ ಮುದುಕ ಮಾತ್ರ, “ಆಗ ನನಗೆ ಹದಿನಾಲ್ಕು ವರ್ಷ” ಎಂದು ಹೇಳಿ ಚಹಾ ತರಲು ಎದ್ದುಬಿಡುತ್ತಿದ್ದ.

ನಾವಿದ್ದ 2022–23ರಲ್ಲಿ ಥಿಸಲ್ ನಾಲ್ಕನೆಯ ಸ್ಥಾನ ಹಿಡಿದು ಆ ಆರು ಮೆಟ್ಟಿಲಿನ ಕೆಳಗೆ ನಿಂತಿತು. ಮೊದಲ ನಾಲ್ಕು ಪಂದ್ಯಗಳಲ್ಲಿ ಹದಿನಾರು ಗೋಲು! ಐದನೆಯದು ಫರ್‌ಹಿಲ್‌ನಲ್ಲಿ, ಮೇಲಿನ ವಿಭಾಗದ ರಾಸ್ ಕೌಂಟಿಯ ಮೇಲೆ 2–0. ಕೊನೆಯದು ಜೂನ್ 4ರಂದು, ಉತ್ತರದ ಡಿಂಗ್ವಾಲ್ ಎಂಬ ಪುಟ್ಟ ಊರಿನಲ್ಲಿ. ಮುದುಕನ ಮಂಡಿನೋವಿನಿಂದಾಗಿ ನಾವಿಬ್ಬರೂ ಅವನ ಮನೆಯ ಟೆಲಿವಿಷನ್ ಮುಂದೆ ಕುಳಿತೆವು. ಅಲ್ಲಿಯೂ ನಾವೇ ಒಂದು ಗೋಲು ಹೊಡೆದೆವು. ಒಟ್ಟು ಲೆಕ್ಕ 3–0. ಉಳಿದದ್ದು ಇಪ್ಪತ್ತು ನಿಮಿಷ. ನಾನು ಮಹಡಿ ಹತ್ತಿ, ಮಡದಿಗೆ ಸಜ್ಜಿಗೆ ಮಾಡೆಂದು ಹೇಳಿ ಬಂದೆ.

ಆ ಸಜ್ಜಿಗೆಯೇ ಮುಳುವಾಯಿತೆಂದು ಇಂದಿಗೂ ನನ್ನ ಅನುಮಾನ. ರಾಸ್ ಕೌಂಟಿ ಒಂದು ಹೊಡೆಯಿತು, ಎರಡು ಹೊಡೆಯಿತು, ಮುಗಿಯುವ ಹೊತ್ತಿಗೆ ಮೂರನೆಯದನ್ನೂ ಹೊಡೆಯಿತು. ಅವುಗಳಲ್ಲಿ ಒಂದನ್ನು ಹೊಡೆದವನು ಯಾನ್ ಧಾಂಡಾ, ಪಂಜಾಬಿ ಮೂಲದ ಹುಡುಗ. ಬೇರೆ ದಿನವಾಗಿದ್ದರೆ ಹೆಮ್ಮೆಪಡುತ್ತಿದ್ದೆ. ಕೊನೆಗೆ ಪೆನಾಲ್ಟಿ ಒದೆತಗಳಲ್ಲಿ ಸೋತೆವು.

ಮುದುಕ ಟೆಲಿವಿಷನ್ ಆರಿಸಿದ. ಬಹಳ ಹೊತ್ತು ಇಬ್ಬರೂ ಮಾತಾಡಲಿಲ್ಲ. ಆಮೇಲೆ ಅವನು ನಾನು ಕೇಳದೆಯೇ ಹೇಳಿದ:

“ಅಂದು ನಾನು ಹೋಗಲಿಲ್ಲ, ಮಗಾ. ಹ್ಯಾಂಪ್ಡನ್‌ಗೆ. ಅಪ್ಪ ಕರೆದ. ಸೋಲುವುದನ್ನು ನೋಡಲು ಅಷ್ಟು ದೂರ ಯಾಕೆ ಎಂದು ನಾನೇ ಒಲ್ಲೆ ಎಂದೆ. ಅಪ್ಪ ಒಬ್ಬನೇ ಹೋದ. ರಾತ್ರಿ ಬಂದು ಟೋಪಿ ತೆಗೆದು ಮೇಜಿನ ಮೇಲಿಟ್ಟ. ನನ್ನನ್ನು ಬೈಯಲಿಲ್ಲ. ಪಕ್ಕದ ಜಾಗ ಖಾಲಿ ಇತ್ತು ಎಂದಷ್ಟೇ ಹೇಳಿದ.”

ಸ್ವಲ್ಪ ತಡೆದು, “ಮುಂದಿನ ವರ್ಷದ ಸೀಸನ್ ಟಿಕೆಟ್ಟಿಗೆ ನಾಳೆ ದುಡ್ಡು ಕಟ್ಟಬೇಕು” ಎಂದ.

ಸಜ್ಜಿಗೆ ಆರಿಹೋಗಿತ್ತು. ಆದರೂ ಅವನು ಎರಡು ಸಲ ಹಾಕಿಸಿಕೊಂಡ.

ಇನ್ನೊಂದು ಸಂಗತಿ ಹೇಳಿ ಮುಗಿಸುತ್ತೇನೆ. ಗ್ಲಾಸ್ಗೊಗೆ ಹೊರಡುವ ಮುನ್ನ ನಮ್ಮ ಕಾಲೇಜಿನಲ್ಲಿ ಐಚ್ಛಿಕ ಕನ್ನಡದ ತರಗತಿಯಲ್ಲಿದ್ದವರು ಹನ್ನೊಂದು ಜನ. ಇದು ಸೋತ ಪಂದ್ಯ, ನಿಲ್ಲಿಸುವುದೇ ಲೇಸು ಎಂದು ಸಹೋದ್ಯೋಗಿಗಳೊಡನೆ ಹೇಳಿದವನು ನಾನೇ. ಅದಕ್ಕೊಂದು ಟಿಪ್ಪಣಿಯನ್ನೂ ಬರೆದಿಟ್ಟಿದ್ದೆ. ಹಿಂದಿರುಗಿ ಬಂದಾಗ ಏಳು ಜನರಿದ್ದರು. ನನ್ನದೇ ಕೈಬರಹದ ಆ ಟಿಪ್ಪಣಿ, ಫೈಲಿನೊಳಗೆ, ಸಹಿಗಾಗಿ ನನ್ನ ಮೇಜಿಗೆ ಬಂತು. ಓದಿದೆ. ವಾದದಲ್ಲಿ ತಪ್ಪೇನೂ ಕಾಣಲಿಲ್ಲ. ಮೇಜಿನ ಒಳಗಿಟ್ಟು ತರಗತಿಗೆ ಹೋದೆ. ಫೈಲು ಪ್ರತಿವರ್ಷವೂ ಬರುತ್ತದೆ. ‘ಈ ವರ್ಷ ನಡೆಸಬಹುದು’ ಎಂದು ಬರೆದು ಕಳಿಸುತ್ತೇನೆ. ಎಷ್ಟು ವರ್ಷ ಕೇಳುತ್ತಾರೋ ಕಾಣೆ. ಕಳೆದ ಬಾರಿ ಐದು ಜನ. ಅವರಲ್ಲಿ ಒಬ್ಬಳು ಪಂಪನ ಒಂದು ಪದ್ಯಕ್ಕೆ ನನಗೆ ಇಪ್ಪತ್ತು ವರ್ಷ ಹೊಳೆಯದ ಅರ್ಥವೊಂದನ್ನು ಹೇಳಿದಳು. ಅಂದು ನಾನು ತರಗತಿಯಲ್ಲಿದ್ದೆ.

2025ರ ನವೆಂಬರಿನಲ್ಲಿ ಸ್ಕಾಟ್ಲೆಂಡ್ ಡೆನ್ಮಾರ್ಕನ್ನು 4–2ರಿಂದ ಸೋಲಿಸಿ, 1998ರ ನಂತರ ಮೊದಲ ಬಾರಿಗೆ ವಿಶ್ವಕಪ್ಪಿಗೆ ಅರ್ಹತೆ ಪಡೆಯಿತು. ನಮ್ಮಲ್ಲಿ ಆಗ ಬೆಳಗಿನ ಜಾವ ಮೂರು ಗಂಟೆ. ನಾನು ಕೂಗಿದ ಸದ್ದಿಗೆ ಮಡದಿ ಕಳ್ಳ ಬಂದನೆಂದು ಎದ್ದಳು. ಮುದುಕನಿಗೆ ಅಭಿನಂದನೆಯ ಸಂದೇಶ ಕಳಿಸಿದೆ. ಎರಡು ದಿನ ಉತ್ತರವಿಲ್ಲ. ಶನಿವಾರ ರಾತ್ರಿ ಫರ್‌ಹಿಲ್‌ನಿಂದ ಬಂತು: “ಇಲ್ಲಿ ಮಳೆ. ಚಕ್ಕುಲಿ ಮುಗಿದು ಬಹಳ ದಿನವಾಯಿತು.”

ಮರುದಿನ ಮಡದಿ ಹಿಟ್ಟು ಕಲಸಿದಳು. ನಾನು ಒರಳು ಒತ್ತಿದೆ.