ಅರ್ಜಿ ಬರೆಯೋ ಅಣ್ಣ

ನಾನು ಬೆಳೆದ ಲೈನ್ ಮನೆಗಳಲ್ಲಿ ರೈಟ್ರು ಅಂದ್ರೆ ಒಬ್ಬರೇ, ತೋಟದ ರೈಟ್ರು. ಬೆಳಿಗ್ಗೆ ಚೆಕ್‌ರೋಲ್‌ನಲ್ಲಿ ಹಾಜರಿ ಹಾಕೋರೂ ಅವರೇ, ಕುಯ್ಲಿನ ಕಾಲದಲ್ಲಿ ಸಂಜೆ ಹಣ್ಣಿನ ಚೀಲ ತೂಗಿಸಿ ಕೆಜಿ ಬರ್ಕೊಳ್ಳೋರೂ ಅವರೇ. ಅವ್ವ ಎಷ್ಟೇ ಕುಯ್ದಿರಲಿ, ಪುಸ್ತಕದಲ್ಲಿ ಬಂದಷ್ಟೇ ಲೆಕ್ಕ. ಬರೆಯೋದು ಬೇರೆಯವರ ಕೆಲಸ, ನಮ್ಮದು ಹೆಬ್ಬೆಟ್ಟು ಒತ್ತೋದು ಅಂದ್ಕೊಂಡೇ ಬೆಳೆದವರು ನಾವು.

ಆಮೇಲೆ ನಾನೂ ಒಂಥರಾ ರೈಟ್ರೇ ಆದೆ. ಸಂಘಟನೆಗೆ ಬಂದ ಇಪ್ಪತ್ತು ವರ್ಷದಲ್ಲಿ ಬರೆದಿದ್ದೆಲ್ಲ ಅರ್ಜಿಗಳೇ. ಮನೆ ಜಾಗಕ್ಕೆ 94ಸಿ, ಉಳುಮೆ ಜಮೀನಿಗೆ ಫಾರಂ 57, ಸ್ಮಶಾನಕ್ಕೆ ಮನವಿ, ಜಾತಿ ಸರ್ಟಿಫಿಕೇಟ್ ತಡವಾಗಿದ್ದಕ್ಕೆ ತಹಶೀಲ್ದಾರರಿಗೆ ಪತ್ರ. ಮೂಡಿಗೆರೆಯಿಂದ, ಕಳಸದಿಂದ ಫೋನ್ ಬರೋದು. 'ಅಣ್ಣಾ, ಒಂದು ಅರ್ಜಿ ಬರ್ದುಕೊಡಿ.' ಕೂತು ಬರೀತಿದ್ದೆ. ಹೆಮ್ಮೆನೂ ಇತ್ತು, ಸುಳ್ಳು ಯಾಕೆ ಹೇಳಲಿ.

ಹೋದ ವರ್ಷದಿಂದ ಚಿಕ್ಕಮಗಳೂರಿನ ನಮ್ಮ ಸಣ್ಣ ಕೋಣೆಗೆ ಭಾನುವಾರ ಮಧ್ಯಾಹ್ನ ಸಮಾಜ ಕಲ್ಯಾಣ ಇಲಾಖೆ ಹಾಸ್ಟೆಲ್‌ಗಳ ಮಕ್ಕಳು ಬರ್ತಾರೆ. ಮೊದಲ ವರ್ಷದ ಡಿಗ್ರಿಯವರು ತಮ್ಮ ಅಸೈನ್‌ಮೆಂಟು, ಉತ್ತರ ಪತ್ರಿಕೆ ತರ್ತಾರೆ. ಎರಡನೇ, ಮೂರನೇ ವರ್ಷದವರು ಪಕ್ಕದಲ್ಲಿ ಕೂರ್ತಾರೆ. ಅಷ್ಟೇ ವ್ಯವಸ್ಥೆ. ಶುರುವಾಗಿದ್ದು ಒಬ್ಬ ಹುಡುಗನಿಂದ. ಅವನ ಉತ್ತರ ಪತ್ರಿಕೆ ತುಂಬ ಕೆಂಪು ಇಂಕು ಬಳಿದು, ಕ್ಲಾಸಿನಲ್ಲಿ ಒಂದು ಸಾಲು ಓದಿ ನಗಿಸಿದ್ದರಂತೆ. ಹಣ್ಣು ಅನ್ನೋದನ್ನ 'ಅಣ್ಣು' ಅಂತ ಬರೆದಿದ್ದ. ಕುಯ್ಲಿಗೆ ಅಂತ ಊರಿಗೆ ಹೋದೋನು ವಾಪಸ್ ಬರಲ್ಲ ಅಂತ ಹಟ ಹಿಡಿದ. ನಾನು ಫೋನ್ ಮಾಡಿ ಅರ್ಧ ಗಂಟೆ ಭಾಷಣ ಮಾಡಿದೆ, ಕೇಳಲಿಲ್ಲ. ಕಡೂರು ಕಡೆಯ ಎರಡನೇ ವರ್ಷದ ಹುಡುಗಿ ಒಬ್ಬಳು ಫೋನ್ ಇಸ್ಕೊಂಡು ಹೇಳಿದ್ದು ಒಂದೇ ಮಾತು. 'ಹೋದ ವರ್ಷ ನನ್ನನ್ನೂ ನಗಾಡಿದ್ರು ಮಾರಾಯ, ನಾನು ಆಸ್ಟೆಲ್ ಅಂತ ಬರ್ದಿದ್ದೆ. ಬಾ, ಹಕಾರ ಆಮೇಲೆ ನೋಡೋಣ.' ಮುಂದಿನ ಸೋಮವಾರ ಬಂದ.

ಹುಡುಗರೇ ಹುಡುಗರಿಗೆ ಕಲಿಸೋದು ಹೊಸದೇನಲ್ಲ ಬಿಡಿ. ಆಂಡ್ರ್ಯೂ ಬೆಲ್ ಅನ್ನೋ ಪಾದ್ರಿ 1790ರ ದಶಕದಲ್ಲಿ ಮದ್ರಾಸಿನ ಅನಾಥಾಲಯದ ಶಾಲೆಯಲ್ಲಿ ಇದನ್ನೇ ಮಾಡಿಸಿದ್ದ. ಇಲ್ಲಿನ ಮಕ್ಕಳು ಮರಳಿನ ಮೇಲೆ ಬೆರಳಲ್ಲಿ ಬರೆದು ಕಲಿಯೋದನ್ನ ನೋಡಿ, ಅದನ್ನ ಅಳವಡಿಸಿಕೊಂಡು, 1797ರಲ್ಲಿ ಪುಸ್ತಕ ಬರೆದ. ಇಂಗ್ಲೆಂಡಿನಲ್ಲಿ ಅದಕ್ಕೆ ಮದ್ರಾಸ್ ಪದ್ಧತಿ ಅಂತಲೇ ಹೆಸರು ಬಿತ್ತು. ಆ ಮರಳಿನಿಂದ ನಮ್ಮ ಮುತ್ತಾತಂದಿರನ್ನ ಎಷ್ಟು ದೂರ ನಿಲ್ಲಿಸಿದ್ರು ಅಂತ ನಾನು ಹೇಳಬೇಕಾಗಿಲ್ಲ. ಅದಾಗಿ ನೂರು ವರ್ಷ ಕಳೆದ ಮೇಲೂ ಬಾಬಾಸಾಹೇಬರು ಸತಾರದ ಶಾಲೆಯಲ್ಲಿ ಮನೆಯಿಂದ ತಂದ ಗೋಣಿಚೀಲ ಹಾಸ್ಕೊಂಡು ಬೇರೆ ಕೂರಬೇಕಿತ್ತು.

ಒಂದು ಭಾನುವಾರದ ಕತೆ ಹೇಳಲೇಬೇಕು. ಮೂಡಿಗೆರೆ ಕಡೆಯ ಹುಡುಗಿ, ಬಿಎ ಮೊದಲ ವರ್ಷ. ಅರ್ಥಶಾಸ್ತ್ರಕ್ಕೆ ತನ್ನೂರಿನ ಬಗ್ಗೆ ಅಸೈನ್‌ಮೆಂಟು. ಗೈಡಿನಿಂದ ಇಳಿಸಿದ್ದಳು, 'ಕಾಫಿಯು ನಮ್ಮ ರಾಜ್ಯದ ಪ್ರಮುಖ ವಾಣಿಜ್ಯ ಬೆಳೆಯಾಗಿದೆ' ಅಂತ. ನನಗೆ ಕೈ ತಡೀಲಿಲ್ಲ. ಪೆನ್ನು ತಗೊಂಡು ಶೋಷಣೆ, ಬಂಡವಾಳಶಾಹಿ ಅಂತ ನಾಲ್ಕು ಸಾಲು ಎಳೆದೆ. ಆ ಕಡೂರು ಹುಡುಗಿ ಅಂದಳು, 'ಅಣ್ಣಾ, ಪೆನ್ ಕೊಟ್ಬಿಡಿ. ನೀವು ಬರೆದ್ರೆ ಅದು ನಿಮ್ಮ ಭಾಷಣ ಆಗುತ್ತೆ.' ಮುಖಕ್ಕೆ ಹೊಡೆದ ಹಾಗಾಯ್ತು. ಎದ್ದು ಹೊರಗೆ ಹೋಗಿ, ಗಿರಿ ಕಡೆ ಮೋಡ ನೋಡ್ತಾ ಟೀ ಕುಡಿದೆ.

ವಾಪಸ್ ಬಂದಾಗ ಇವಳು ಅವಳನ್ನ ಕೇಳ್ತಿದ್ದಳು. 'ನಿಮ್ಮಮ್ಮ ದಿನಕ್ಕೆ ಎಷ್ಟು ಕೆಜಿ ಕುಯ್ತಾರೆ?'

'ಗೊತ್ತಿಲ್ಲಕ್ಕ. ರೈಟ್ರು ಬರ್ಕೋತಾರೆ.'

'ಅಮ್ಮಂಗೆ ಫೋನ್ ಮಾಡಿ ಕೇಳು.'

ಅಮ್ಮಂಗೂ ಗೊತ್ತಿರಲಿಲ್ಲ. ಮುಂದಿನ ವಾರ ಹೈಸ್ಕೂಲಿಗೆ ಹೋಗೋ ತಮ್ಮ ದಿನಾ ಕ್ಯಾಲೆಂಡರಿನ ಮೇಲೆ ಕೆಜಿ ಬರೆದಿಟ್ಟಿದ್ದ. ಅದನ್ನಿಟ್ಟುಕೊಂಡು ಎರಡೂವರೆ ಪುಟ ಬರೆದಳು. ಅರೇಬಿಕ ಯಾವಾಗ ಹಣ್ಣಾಗುತ್ತೆ, ರೋಬಸ್ಟ ಯಾವಾಗ, ಕುಯ್ಲು ಮುಗಿದ ಮೇಲೆ ಮನೇಲಿ ಏನು ಕಡಿಮೆಯಾಗುತ್ತೆ, ಚೀಲದ ತೂಕ ಅಂತ ಎಷ್ಟು ಕಳೀತಾರೆ. ನಾನು ಇಪ್ಪತ್ತು ವರ್ಷದಲ್ಲಿ ಯಾವ ಮನವಿಯಲ್ಲೂ ಚೀಲದ ತೂಕ ಬರೆದಿಲ್ಲ ಕಣ್ರೀ. ಹೊಳೆದೇ ಇರಲಿಲ್ಲ.

ಕಲಿಸೋರಿಗೆ ಏನು ಸಿಗುತ್ತೆ ಅಂತ ಕೆಲವರು ಕೇಳ್ತಾರೆ. ಸಂಬಳ ಇಲ್ಲ, ಸರ್ಟಿಫಿಕೇಟ್ ಇಲ್ಲ. ಆ ಹುಡುಗಿನ ಕೇಳಿದೆ. 'ಬೇರೆಯವರಿಗೆ ಇದರರ್ಥ ಏನು ಅಂತ ಕೇಳಿ ಕೇಳಿ, ಈಗ ಪರೀಕ್ಷೇಲಿ ನನಗೆ ನಾನೇ ಕೇಳ್ಕೋತೀನಿ ಅಣ್ಣ' ಅಂದಳು. ಆಮೇಲೆ ನಗ್ತಾ, 'ಒಬ್ಬರು ನನ್ನನ್ನ ಅಕ್ಕ ಅಂತ ಕರೆದು ಡೌಟ್ ಕೇಳ್ತಾರೆ ಅಂತ ನಮ್ಮನೇಲಿ ಯಾರೂ ನಂಬಲ್ಲ' ಅಂದಳು.

ಈಗ ನನಗೆ ಅರ್ಜಿಗೆ ಫೋನ್ ಬರೋದು ಕಡಿಮೆಯಾಗಿದೆ. ಸ್ವಲ್ಪ ಬೇಜಾರೂ ಆಗುತ್ತೆ. ಹೋದ ತಿಂಗಳು ಅದೇ ಮೂಡಿಗೆರೆ ಹುಡುಗಿಯ ಅಮ್ಮ 94ಸಿ ವಿಷಯಕ್ಕೆ ತಾಲ್ಲೂಕು ಆಫೀಸಿಗೆ ಹೊರಟಿದ್ದರು, ಜೊತೆಗೆ ಬನ್ನಿ ಅಂದ್ರು, ಹೋದೆ. ಅರ್ಜಿ ಮಗಳೇ ಬರೆದಿದ್ದಳು. ಒಂದು ಹಾಳೆ, ಸರ್ವೆ ನಂಬರ್ ಸರಿಯಾಗಿತ್ತು, ವಾಸವಿರೋ ವರ್ಷ ಸರಿಯಾಗಿತ್ತು. ಮೂರನೇ ಸಾಲಿನಲ್ಲಿ ಒಂದು ಹಕಾರ ಬಿಟ್ಟುಹೋಗಿತ್ತು. ಜೇಬಿನಲ್ಲಿ ಪೆನ್ನಿತ್ತು. ತೆಗೀಲಿಲ್ಲ. ಅವರು ಕೌಂಟರಿನಲ್ಲಿ ಕೊಟ್ಟು, ಜೆರಾಕ್ಸ್ ಪ್ರತಿಗೆ ಸೀಲು ಹಾಕಿಸ್ಕೊಂಡು, ಮಡಚಿ ಬ್ಯಾಗಲ್ಲಿಟ್ಟರು.

ಈ ಭಾನುವಾರವೂ ಎರಡೂವರೆಗೆ ಕೂರ್ತೀವಿ. ಡಿಗ್ರಿ ಎರಡನೇ, ಮೂರನೇ ವರ್ಷದವರು ಯಾರಾದ್ರೂ ಇದ್ರೆ ಬನ್ನಿ, ನಾಲ್ಕು ಜನ ಕಡಿಮೆ ಇದ್ದಾರೆ. ಟೀ ನನ್ನದು.

ಜೈಭೀಮ್.