ಪತ್ರಗಳ ಗಂಟು

ಮಲಪ್ರಭೆಯ ದಂಡೆಯ ಶಿವಯೋಗ ಮಂದಿರಕ್ಕೆ ಅಜ್ಜನ ಕೈಹಿಡಿದು ಹೋಗುತ್ತಿದ್ದ ದಿನಗಳಲ್ಲಿ ನನಗೆ ಬಹು ಸೋಜಿಗವೆನಿಸಿದ್ದು ಅಲ್ಲಿಯ ವಿಭೂತಿ. ಹಾನಗಲ್ಲ ಕುಮಾರ ಶಿವಯೋಗಿಗಳು 1909ರಲ್ಲಿ ಸ್ಥಾಪಿಸಿದ ಆ ಸಂಸ್ಥೆಯಲ್ಲಿ ಆಕಳ ಸಗಣಿ ಒಣಗಿ, ಸುಟ್ಟು ಬೂದಿಯಾಗಿ, ನೀರಿನಲ್ಲಿ ಸೋಸಿ, ಕೊನೆಗೆ ಅಂಗೈಯಲ್ಲಿ ಹಿಡಿಯುವ ಬಿಳಿಯ ಗಟ್ಟಿಯಾಗುತ್ತದೆ.

"ಅಷ್ಟು ದೊಡ್ಡ ರಾಶಿ ಇಷ್ಟ ಆತೇನಜ್ಜಾ?" ಎಂದು ಕೇಳಿದ್ದೆ.

"ಹೂಂ ತಮ್ಮಾ, ಬ್ಯಾಡಾದ್ದು ಹೋತು, ಬೇಕಾದ್ದು ಉಳೀತು" ಎಂದಿದ್ದ ಅಜ್ಜ.

ಕಳೆದ ಬೇಸಿಗೆಯ ರಜೆಯಲ್ಲಿ ಈ ಮಾತು ಮತ್ತೆ ನೆನಪಾಯಿತು. ನಮ್ಮ ಕಾಕಾ ನೇಕಾರರ ಒಂದು ಚಿಕ್ಕ ಕಚೇರಿಯಲ್ಲಿ ಲೆಕ್ಕ ಬರೆಯುತ್ತಾರೆ. ಅಲ್ಲಿಯ ಮಿಂಚಂಚೆಯ ಸರ್ವರಿನ ಡಿಸ್ಕು ತುಂಬಿ, ಹೊಸ ಪತ್ರ ಬರುವುದೇ ನಿಂತಿತ್ತು. ಕಂಪ್ಯೂಟರಿನ ಹುಚ್ಚು ನನಗಿರುವುದನ್ನು ಬಲ್ಲ ಕಾಕಾ, "ಜಾಗಾ ಮಾಡಿಕೊಡಪಾ, ಆದರ ಒಂದು ಪತ್ರಾನೂ ಅಳಿಸಬ್ಯಾಡ" ಎಂದರು. ಕಲಾ ವಿಭಾಗದ ವಿದ್ಯಾರ್ಥಿಗೆ ಇದೆಲ್ಲ ಏತಕ್ಕೆಂದು ನಮ್ಮ ಅಧ್ಯಾಪಕರು ನಗಬಹುದು, ನಗಲಿ.

ಅಲ್ಲಿದ್ದುದು ಡೊವ್‌ಕಾಟ್ ಎಂಬ ತಂತ್ರಾಂಶ. ಫಿನ್ಲೆಂಡಿನ ಟಿಮೊ ಸಿರೈನೆನ್ ಇದನ್ನು 2002ರಲ್ಲಿ ಹೊರತಂದರು. ಅದರ 2.3ನೆಯ ಆವೃತ್ತಿಯಲ್ಲಿ ಪತ್ರಗಳನ್ನು ಕುಗ್ಗಿಸಿಡಲು ಎರಡು ಮೂರು ಸಾಲು ಬರೆದರೆ ಸಾಕು: ಝಡ್‌ಲಿಬ್ ಎಂಬ ಜೋಡಣೆಯನ್ನು ಸೇರಿಸಬೇಕು, ಜಿಜಿಪ್ ವಿಧಾನದಲ್ಲಿ ಉಳಿಸು ಎನ್ನಬೇಕು, 1ರಿಂದ 9ರವರೆಗಿನ ಒಂದು ಮಟ್ಟವನ್ನು ಹೇಳಬೇಕು. ಮಟ್ಟ ಏರಿದಂತೆ ಗಾತ್ರ ತುಸು ಇಳಿಯುತ್ತದೆ, ಯಂತ್ರದ ದುಡಿತ ಬಹಳ ಏರುತ್ತದೆ. ನಾನು 6ಕ್ಕೆ ನಿಲ್ಲಿಸಿದೆ.

ಇದರ ಗುಟ್ಟು ಸರಳವಾದುದು. ಒಮ್ಮೆ ಬಂದ ಮಾತು ಮತ್ತೆ ಬಂದರೆ ಅದನ್ನು ಪುನಃ ಬರೆಯದೆ, "ಇಷ್ಟು ಹಿಂದೆ, ಇಷ್ಟು ಉದ್ದ" ಎಂದು ಬೆರಳು ತೋರಿಸುವುದು. ಝಿವ್ ಮತ್ತು ಲೆಂಪೆಲ್ ಎಂಬ ವಿದ್ವಾಂಸರು 1977ರಲ್ಲಿ ಈ ದಾರಿಯನ್ನು ತೋರಿದರು. ಕನ್ನಡ ಪತ್ರಕ್ಕಂತೂ ಇದು ಚೆನ್ನಾಗಿ ಒಗ್ಗುತ್ತದೆ. ಯುನಿಕೋಡಿನ ಯುಟಿಎಫ್-8 ಕ್ರಮದಲ್ಲಿ ನಮ್ಮ ಪ್ರತಿಯೊಂದು ಚಿಹ್ನೆಗೂ 3 ಬೈಟು ಬೇಕು. ಅವುಗಳಲ್ಲಿ ಮೊದಲನೆಯದು ಯಾವಾಗಲೂ ಒಂದೇ, ಎರಡನೆಯದು ಎರಡರಲ್ಲೊಂದು. ಹೀಗೆ ಮರುಕಳಿಸುವುದು ಬಹಳವಾದುದರಿಂದ ಕುಗ್ಗುವುದೂ ಬಹಳ. ಫೋಟೋಗಳು ಮಾತ್ರ ಮೊದಲೇ ಕುಗ್ಗಿಬಂದಿರುತ್ತವೆ. ಅಂಚೆಯಲ್ಲಿ ಸಾಗಲೆಂದು ಅವುಗಳಿಗೆ ತೊಡಿಸಿದ ಹೊದಿಕೆಯ ಭಾರವಷ್ಟೇ ಇಳಿಯುತ್ತದೆ.

ಆದರೆ ಈ ಏರ್ಪಾಡು ಹೊಸ ಪತ್ರಗಳಿಗೆ ಮಾತ್ರ. ಹಳೆಯವನ್ನು ನಾವೇ ಕುಗ್ಗಿಸಬೇಕು. ಎಲ್ಲವನ್ನೂ ಬೇರೊಂದು ಡಿಸ್ಕಿಗೆ ನಕಲು ಮಾಡಿದೆ. ರಾತ್ರಿ ಸರ್ವರನ್ನು ನಿಲ್ಲಿಸಿ, ಒಂದೊಂದು ಪತ್ರವನ್ನೂ ಕುಗ್ಗಿಸಿ ಹೊಸ ಕಡತವಾಗಿ ಬರೆದು, ಹಳೆಯದರ ಜಾಗದಲ್ಲಿಟ್ಟೆ. ಬೆಳಿಗ್ಗೆ ಡಿಸ್ಕಿನಲ್ಲಿ ಜಾಗವಾಗಿತ್ತು. ಹಿಗ್ಗಿನಿಂದ ಎರಡು ಕಪ್ಪು ಚಹಾ ಕುಡಿದೆ.

ಹನ್ನೊಂದು ಗಂಟೆಗೆ ವಯಸ್ಸಾದ ನೇಕಾರರೊಬ್ಬರು ಬಂದರು. ಸಹಾಯಧನಕ್ಕೆ ಅರ್ಜಿ ಹಾಕುವ ಕೊನೆಯ ದಿನ ಕಳೆದು ಎರಡು ವಾರವಾಗಿತ್ತು. ಗುಮಾಸ್ತರು ಪರದೆ ನೋಡಿ, "ಯಜಮಾನ್ರ, ನಿಮ್ಮ ಅರ್ಜಿ ನಿನ್ನೆ ರಾತ್ರಿ ಬಂದೈತ್ರಿ" ಎಂದರು.

"ಇಲ್ರೀ ಸಾಹೇಬ್ರ, ನನ್ನ ಮಗಳು ನನ್ನ ಮುಂದ ಕುಂತು ತಿಂಗಳದ ಹಿಂದ ಕಳಿಸ್ಯಾಳ್ರಿ" ಎಂದರು ಅವರು. ಅವರ ದನಿ ನಡುಗುತ್ತಿತ್ತು.

ನನ್ನ ಎದೆ ಧಸಕ್ಕೆಂದಿತು. ಅಲ್ಲಿ ಪ್ರತಿ ಪತ್ರವೂ ಒಂದು ಕಡತ. ಆ ಕಡತದ ತಾರೀಖನ್ನೇ ಸರ್ವರು ಪತ್ರ ಬಂದ ತಾರೀಖೆಂದು ಎಣಿಸುತ್ತದೆ. ನಾನು ಹೊಸದಾಗಿ ಬರೆದ ಪತ್ರಗಳೆಲ್ಲ ನಿನ್ನೆ ರಾತ್ರಿಯವಾಗಿದ್ದವು! ಅರ್ಜಿಯನ್ನು ಬಿಡಿಸಿ ನೋಡಿದೆ. ಒಳಗೆ ಒಂದಕ್ಷರವೂ ಕೆಟ್ಟಿರಲಿಲ್ಲ. ಸರ್ವರು ಅದನ್ನು ಸ್ವೀಕರಿಸಿದ ನಿಜವಾದ ದಿನ ತಲೆಯ ಸಾಲುಗಳಲ್ಲಿ ಹಾಗೆಯೇ ಇತ್ತು. ಅದನ್ನು ತೋರಿಸಿ, ತಪ್ಪು ನನ್ನದೆಂದು ಒಪ್ಪಿಕೊಂಡೆ. ಆ ಹಿರಿಯರು ಬೈಯಲಿಲ್ಲ. "ನೂಲು ಹರದ್ರ ಗಂಟು ಹಾಕಬೇಕಪಾ, ಮುಚ್ಚಿಡಬಾರದು" ಎಂದಷ್ಟೇ ಅಂದರು. ಆ ರಾತ್ರಿ ನಕಲು ಪ್ರತಿಗಳಿಂದ ಪ್ರತಿ ಕಡತದ ಹಳೆಯ ತಾರೀಖನ್ನು ಮರಳಿ ತೊಡಿಸಿ, ಸರ್ವರು ನೆನಪಿಟ್ಟಿದ್ದ ತಪ್ಪು ಪಟ್ಟಿಯನ್ನು ತೆಗೆದುಹಾಕುವಷ್ಟರಲ್ಲಿ ಕೋಳಿ ಕೂಗಿತು.

ವಿಭೂತಿಯಿಂದ ಸಗಣಿ ಮರಳಿ ಬಾರದು, ಬರಬೇಕಾದುದೂ ಇಲ್ಲ. ಕುಗ್ಗಿಸಿದ ಪತ್ರವಾದರೋ ಅಕ್ಷರ ಬಿಡದೆ ಮರಳಬೇಕು, ಅಕ್ಷರದ ಜೊತೆಗೆ ಅದು ಬಂದ ದಿನವೂ ಮರಳಬೇಕು. ತಾಳೆಗರಿಯ ಲಿಪಿಕಾರರು ಸಾಮಾನ್ಯವಾಗಿ ಪದಗಳ ನಡುವೆ ತೆರಪನ್ನೇ ಬಿಡುತ್ತಿರಲಿಲ್ಲ. ಅಂಥವರೂ ಎಷ್ಟೋ ಗ್ರಂಥಗಳ ಕೊನೆಯಲ್ಲಿ ಸಂವತ್ಸರ, ಮಾಸ, ತಿಥಿ, ವಾರಗಳನ್ನು ಬರೆದಿಟ್ಟಿದ್ದಾರೆ. ಜಾಗದಲ್ಲಿ ಜಿಪುಣರಾದರೂ ಕಾಲದ ವಿಷಯದಲ್ಲಿ ಅವರು ಜಿಪುಣರಾಗಲಿಲ್ಲ. ಯಾವುದು ಬೇಡ, ಯಾವುದು ಬೇಕು ಎಂಬ ಅಜ್ಜನ ಮಾತಿನ ಅರ್ಥ ನನಗೆ ತಿಳಿಯಲು ಒಬ್ಬ ನೇಕಾರರ ಕಣ್ಣಂಚಿನ ನೀರು ಬೇಕಾಯಿತು.